ಸಾಸಿವೆ ಗಾತ್ರದ ನೆಂಟರು

ಬೆಳಿಗ್ಗೆ ಏಳಕ್ಕೆ ನನ್ನದೊಂದು ಜೇನು ಸತ್ತಿತು.
ಹೂವಿನದೇ ಬಣ್ಣ ಹೊದ್ದು ಬೇಲಿಯಲ್ಲಿ ಕೂತಿದ್ದ ಏಡಿಜೇಡ
ಕತ್ತಿನ ಸಂದಿಗೆ ಬಾಯಿಟ್ಟಿತು, ಅಷ್ಟೆ.
ಕೊಂಡಿ ಗಾಳಿಯನ್ನು ಚುಚ್ಚಿ ಚುಚ್ಚಿ ಸುಮ್ಮನಾಯಿತು.
ರೆಕ್ಕೆ ನಿಲ್ಲುವ ಮೊದಲೇ ಬಂದವು
ಸಾಸಿವೆ ಗಾತ್ರದ ಕರಿನೊಣಗಳು, ಒಂದು, ಮೂರು, ಏಳು.
ಜೇಡ ಒಳಗೇ ಕರಗಿಸಿಟ್ಟ ಸಾರಿಗೆ
ಅದರ ಬಾಯಿಯ ಪಕ್ಕದಲ್ಲೇ ಬಾಯಿ ಹಾಕಿ ಕೂತವು.
ಒಂದಂತೂ ಜೇಡದ ಬೆನ್ನ ಮೇಲೇ,
ಟ್ಯಾಕ್ಸಿಯ ಮುಂದಿನ ಸೀಟು ಹಿಡಿದ ಹೆಂಗಸಿನ ಹಾಗೆ.

ಜೇಡ ಅಟ್ಟುವುದಿಲ್ಲ.
ಇಷ್ಟು ಸಣ್ಣದಕ್ಕೆ ಕಾಲೆತ್ತಿದರೆ ಹಿಡಿದ ತುತ್ತೇ ಜಾರೀತು.

ಮೇಷ್ಟ್ರ ಮಗಳು ಲೊಂಡೇಕಾ ಭೂತಗನ್ನಡಿ ಹಿಡಿದು
ಎಲ್ಲ ಹೆಣ್ಣೇ, ಮಾಜುಂಗು, ಎಂದಳು.
ಕಳ್ಳಿಯರು ಎಂದೆ.
ಬಸುರಿಯರು ಎಂದಳು.

ನಮ್ಮ ಕಣಿವೆಯ ವೆಲಾಪಿಯೂ ಹೀಗೇ.
ಎಲ್ಲಿಂದ ಬಂದೆ ಎಂದೇ ಅವನ ಹೆಸರಿನ ಅರ್ಥ,
ಹೆತ್ತವಳು ತಮಾಷೆಗೆ ಇಟ್ಟಳೋ ಏನೋ.
ಶನಿವಾರ ಎಶೋವೆಯ ಸುತ್ತ ಯಾವ ಅಂಗಳದಲ್ಲಿ
ಸಾವಿನ ಡೇರೆ ಎದ್ದರೂ ಕೋಟು ತೊಟ್ಟು ಹಾಜರು.
ಸತ್ತವರ ಹೆಸರು ಗೊತ್ತಿರಬೇಕೆಂದೇನಿಲ್ಲ,
ಹಾಡು ಗೊತ್ತು, ಯಾವ ಸಾಲಿಗೆ ಅಳಬೇಕೆಂದು ಗೊತ್ತು.
ನನ್ನ ಗಂಡನನ್ನು ಮಣ್ಣು ಮಾಡಿದ ದಿನ ನಾನೇ ಕಂಡೆ:
ಕೋಟಿನೊಳಗಿಂದ ಖಾಲಿ ಐಸ್‌ಕ್ರೀಂ ಡಬ್ಬಿ ತೆಗೆದು
ಎರಡು ಸಲ ಮಾಂಸ, ಒಂದು ಸಲ ಬೀಟ್ರೂಟ್ ತುಂಬಿಕೊಂಡ.
ಬೈಯಲು ಬಾಯಿ ತೆರೆದೆ.
ಬಾಯಿ ತುಂಬ ಅಳು ಇತ್ತು.

ನೀರಿನ ಮೋಟರಿನ ಕಂಬಕ್ಕೆ ಹಬ್ಬಿದ ಬಳ್ಳಿಯೊಂದಿದೆ.
ಹಸಿರು ಕೊಡೆ ಬಿಚ್ಚಿದಂಥ ಹೂ, ಕೆಳಗೆ ಕೊಳವೆ.
ನನ್ನ ಮೂಗಿಗೆ ಅದರಲ್ಲಿ ಏನೂ ಇಲ್ಲ.
ನೊಣಕ್ಕೆ ಮಾತ್ರ, ಲೊಂಡೇಕಾ ಹೇಳುವಂತೆ,
ಜೇಡದ ಬಾಯಲ್ಲಿ ಸಾಯುತ್ತಿರುವ ಜೇನಿನದೇ ವಾಸನೆ.
ಸತ್ತವರಿಲ್ಲದ ಸಾವಿನ ಮನೆ.
ಇಳಿದರೆ ಊಟವಿಲ್ಲ, ಹತ್ತಲು ಬಿಡದ ರೋಮದ ಗೋಡೆ,
ಒಂದು ಹಗಲು ಒಂದು ಇರುಳು ಉಪವಾಸ.
ಹೂ ಬಾಡಿ, ರೋಮ ಸೋತು, ಬಾಗಿಲು ತಾನೇ ಸಡಿಲಿದಾಗ
ಹೊರಬಂದವಳ ಮೂತಿಗೆ ಹಳದಿ ಪುಡಿಯ ಗಂಟು ಅಂಟಿರುತ್ತದೆ.
ಒರೆಸುತ್ತಾಳೆ, ಮುಂಗಾಲಿನಿಂದ ಒರೆಸುತ್ತಾಳೆ, ಹೋಗದು.
ಹೊತ್ತುಕೊಂಡೇ ಹಾರುತ್ತಾಳೆ ಇನ್ನೊಂದು ಅಂಥದೇ ವಾಸನೆಗೆ.
ಬುದ್ಧಿ ಬರುವುದಿಲ್ಲ.
ಬಂದಿದ್ದರೆ ಬಳ್ಳಿಗೆ ಬೀಜವಿರುತ್ತಿರಲಿಲ್ಲ.

ಹದಿನೇಳು ವರ್ಷದಿಂದ ಮಾತು ಬಿಟ್ಟ ನನ್ನ ಅಕ್ಕ
ಬದುಕಿದ್ದಾಳೆ, ಎಡಗಣ್ಣು ಮಂಜಾಗಿದೆ, ಕೋಲು ಹಿಡಿದಿದ್ದಾಳೆ
ಎಂದು ತಿಳಿದದ್ದು ವೆಲಾಪಿಯಿಂದಲೇ.
ಮೆಲ್ಮೊತ್ ಕಡೆ ಯಾರದೋ ಸಾವಿನ ಊಟದಲ್ಲಿ
ಅವಳ ಪಕ್ಕ ಕೂತಿದ್ದನಂತೆ.
"ನಿನ್ನದೇ ಮೂಗು, ಮಾಜುಂಗು, ನಿನ್ನದೇ ಜಿಪುಣತನ,
ತಟ್ಟೆಯಿಂದ ಒಂದು ಮೂಳೆ ಕೊಡಲಿಲ್ಲ ಆ ಮುದುಕಿ!"
ಸುದ್ದಿ ತಂದಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ.
ದೂರು ಹೇಳುತ್ತಿದ್ದ.
ನಾನು ಕಂಬ ಹಿಡಿದು ನಿಂತೆ.

ಈಗ ಗೂಡಿಗೆ ಹೊಗೆ ಹಾಕಿ ಹಲಗೆ ಎತ್ತುತ್ತೇನೆ.
ಥೂ, ಎಂಜಲುಬುರುಕಿ ಎಂದು ನೊಣ ಹೊಡೆದ ಇದೇ ಕೈ
ಸಾವಿರ ಬಾಯಿ ಕಕ್ಕಿ ಕೂಡಿಟ್ಟದ್ದನ್ನು ಚಾಕುವಿನಿಂದ ಕೆರೆದು
ನನ್ನ ನಾಲಿಗೆಗೆ ಇಡುತ್ತದೆ.
ಸಿಹಿಯಾಗಿದೆ. ಈ ವರ್ಷ ನೀಲಗಿರಿ ಚೆನ್ನಾಗಿ ಹೂ ಬಿಟ್ಟಿತ್ತು.

ಒಂದು ಬಾಟಲಿ ಅಕ್ಕನಿಗೆ.
ಒಯ್ಯುವವನು ವೆಲಾಪಿ, ಬರುವ ಶನಿವಾರ ಆ ಕಡೆ ಒಂದು ಸಾವಿದೆ.
ಮುಚ್ಚಳ ಬಿಗಿಯಾಗಿಯೇ ಹಾಕಿದ್ದೇನೆ.
ಮುಕ್ಕಾಲು ತಲುಪಿದರೆ ಸಾಕು.