ಹಾಸಿಗೆ ಇದ್ದಷ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ನನ್ನ ಗಂಡನನ್ನು ನೋಡಿದವರಲ್ಲ.
ಆರಡಿ ಮೂರಂಗುಲ. ಕಾರ್ಖಾನೆ ತಂಡಕ್ಕೆ
ಹದಿನೇಳು ವರ್ಷ ವಾಲಿಬಾಲ್ ಹಾರಿದ ಮೊಣಕಾಲು
ಈಗ ಆಟೋ ಹತ್ತಲು ಒಪ್ಪುವುದಿಲ್ಲ.
ಷಡ್ಡಕನ ಪುಟ್ಟ ಕಾರಿನಲ್ಲಿ ಒಮ್ಮೆ ತುಮಕೂರಿಗೆ ಹೋಗಿ
ಇಳಿಸಲು ಇಬ್ಬರು ಬೇಕಾದರು,
ಕಡ್ಡಿ ಸಿಕ್ಕಿಕೊಂಡ ಛತ್ರಿ ಬಿಡಿಸಿದ ಹಾಗೆ.

ಉದ್ದದ್ದೇ ಬೇಕು, ಅಂದೆ.
ಚೀಟಿ ಕೂಗಿ ಕೈಗೆ ಬಂದದ್ದು ಎರಡು ಲಕ್ಷ ಹತ್ತು ಸಾವಿರ.
ಅಷ್ಟಕ್ಕೆ ಹೊಸದರಲ್ಲಿ ಎರಡು ಬಾಗಿಲು ಬಂದೀತು,
ಗಾಜು ಬಿಟ್ಟು.

ನಾಯಂಡಹಳ್ಳಿ ಮೋರಿಯ ಪಕ್ಕ, ತಗಡಿನ ನೆರಳಲ್ಲಿ
ಒಂದು ಕಾಲದ ಸಾಹೇಬರ ಕಾರುಗಳು
ಪಿಂಚಣಿ ಕೇಳಲು ಬಂದವರಂತೆ ಸಾಲಾಗಿ ನಿಂತಿದ್ದವು,
ಇಸ್ತ್ರಿ ಮಾಡಿದ ಅಂಗಿ, ಒಳಗೆ ಹರಿದ ಬನಿಯನ್.

"ಡಾಕ್ಟರ್ ಓಡ್ಸಿದ್ದು ಮೇಡಂ. ಒಬ್ರೇ ಓನರ್.
ಬರೀ ಅರವತ್ತೆರಡು ಸಾವ್ರ ಕಿಲೋಮೀಟರ್,"
ಅಂದ ಪುಖರಾಜ್, ಬಾನೆಟ್ಟನ್ನು ಸವರುತ್ತ.
ಬೆಳಗಿನಿಂದ ಇದು ನಾಲ್ಕನೇ ಡಾಕ್ಟರು.
ಊರಿನ ಹಳೇ ಕಾರೆಲ್ಲ ಡಾಕ್ಟರರದ್ದೇ ಆದರೆ
ಆಸ್ಪತ್ರೆಗೆ ಯಾಕೆ ಒಬ್ಬರೂ ಹೊತ್ತಿಗೆ ಬರುವುದಿಲ್ಲ?

ಗುಡ್ಡದಹಳ್ಳಿಯಿಂದ ನಯಾಜ್ ಸಾಬರನ್ನು ಕರೆತಂದಿದ್ದೆವು.
ಅವರ ಜೇಬಿನಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತ,
ಕರ್ಚೀಫಿನಲ್ಲಿ ಸುತ್ತಿದ್ದು.
ಮುಂದಿನ ಬಾಗಿಲಿಗೆ ಕಚ್ಚಿತು. ಛಾವಣಿಗೆ ಕಚ್ಚಿತು.
ಹಿಂದಿನ ಎಡಬಾಗಿಲಲ್ಲಿ ಜಾರಿ ಕಾಲಬಳಿ ಬಿತ್ತು.
"ಪುಟ್ಟಿ," ಅಂದರು ಸಾಬರು,
ಮಗಳನ್ನು ಕರೆದಷ್ಟು ಮೆಲ್ಲಗೆ.

ಆಮೇಲೆ ಇಂಜಿನ್ನಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ,
"ಬುಶ್ ಸವ್ದಿದೆ. ಓಡತ್ತೆ.
ಹಂಪ್ ಮೇಲೆ ಮಾತ್ರ ನಿಧಾನ."
ಹೋದ ತಿಂಗಳು ಮೂಳೆ ಡಾಕ್ಟರು
ಇವರ ಮಂಡಿ ಒತ್ತಿ ಹೇಳಿದ್ದೂ ಇದನ್ನೇ,
ಐನೂರು ರೂಪಾಯಿಗೆ.

ನನಗೆ ಕಾರು ಗೊತ್ತಿಲ್ಲ. ಹೊಲಿಗೆ ಗೊತ್ತು.
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ
ಬೆರಳಲ್ಲೇ ಅಂಗಿಗಳ ಸುಳ್ಳು ಹಿಡಿದವಳು.
ಸೀಟಿನ ಅಂಚು ಮುಟ್ಟಿದೆ: ಇದು ಕಂಪನಿಯ ಹೊಲಿಗೆಯಲ್ಲ,
ಇಂಚಿಗೆ ಆರೇ ಟಾಕು, ರಸ್ತೆಬದಿಯ ಅವಸರ.
ಕವರು ಸರಿಸಿದರೆ ಹಿಂದಿನ ಎಡಮೂಲೆಯಲ್ಲಿ
ಯಾರೋ ಭಾರದ ಮನುಷ್ಯ ವರುಷಗಟ್ಟಲೆ ಕೂತ ಗುಂಡಿ.
ಕೈ ಹಾಕಿದೆ. ಒಂದು ಹೋಟೆಲಿನ ಚೀಟಿ,
ಏರ್‌ಪೋರ್ಟ್ ಪಿಕಪ್, ಬೆಳಗಿನ ಮೂರೂವರೆ.

"ಏನಪ್ಪಾ, ನಿಮ್ಮ ಡಾಕ್ಟ್ರು
ಹಿಂದಿನ ಸೀಟಲ್ಲಿ ಕೂತು ಓಡಿಸ್ತಿದ್ರಾ?"

ಪುಖರಾಜ್ ಚಹಾ ತರಿಸಿದ.
ಮೊದಲ ಗುಟುಕಿಗೆ ಹತ್ತು ಸಾವಿರ ಇಳಿಯಿತು,
ಲೋಟ ಮುಗಿಯುವ ಹೊತ್ತಿಗೆ ಮೂವತ್ತೈದು.
ಬೇಡ, ಸುಳ್ಳಿನ ಗಾಡಿ, ಅನ್ನುವಷ್ಟರಲ್ಲಿ
ತಿರುಗಿ ನೋಡಿದೆ.

ಇವರು ಆ ಗುಂಡಿಯಲ್ಲೇ ಕೂತಿದ್ದಾರೆ.
ಎಡಗಾಲು ಚಾಚಿದ್ದಾರೆ, ಪೂರ್ತಿ.
ಮುಂದಿನ ಸೀಟಿಗೂ ಮೊಣಕಾಲಿಗೂ ನಡುವೆ
ನನ್ನ ಒಂದು ಗೇಣು ಖಾಲಿ ಇದೆ.
ಬಾಯಿ ಸ್ವಲ್ಪ ತೆರೆದು, ಏನೂ ನೋಡದೆ ನೋಡುತ್ತಿದ್ದಾರೆ,
ಸರ್ವ್ ಮಾಡುವ ಮುನ್ನ ಹಾಗೆ ನೋಡುತ್ತಿದ್ದರು.

ದುಡ್ಡು ಎಣಿಸಿ ಕೊಟ್ಟೆ.

ಲಗ್ಗೆರೆಯ ನಮ್ಮದು ಇಪ್ಪತ್ತು ಮೂವತ್ತರ ಸೈಟು,
ಮುಂದೆ ಸಂಪು, ಮೆಟ್ಟಿಲು, ಒಗೆಯುವ ಕಲ್ಲು.
ಕಾರು ಹದಿನಾರು ಅಡಿ; ಅಳೆಯಲು ನೆನಪಾದದ್ದು
ಬಂದು ನಿಂತ ಮೇಲೆ.
ಗೇಟು ಕಿತ್ತು ಗೋಡೆಗೊರಗಿಸಿದ್ದೇವೆ.
ಹಿಂಭಾಗ ಬೀದಿಗೆ ಚಾಚಿದೆ; ಹಾಲಿನವನು ಬಯ್ಯುತ್ತಾನೆ,
ಕೆಳಗೆ ಬೀದಿನಾಯಿ ಆಗಲೇ ಬಾಡಿಗೆಗಿದೆ.

ಪೆಟ್ರೋಲಿಗೆ ಮುಂದಿನ ತಿಂಗಳು ನೋಡೋಣ.
ಸದ್ಯ ಸಂಜೆ ಇವರು ಹಿಂದಿನ ಸೀಟಿನಲ್ಲಿ ಕೂತು
ಎರಡೂ ಕಾಲು ನೀಡಿ ಪೇಪರು ಓದುತ್ತಾರೆ,
ನಾನು ಪಕ್ಕದಲ್ಲಿ ಅವರೆ ಸುಲಿಯುತ್ತೇನೆ.

ಎದುರುಮನೆ ತಿಮ್ಮರಾಯಪ್ಪ ಗಾಜು ತಟ್ಟಿ
ಎಲ್ಲರೂ ಕೇಳುವುದನ್ನೇ ಕೇಳಿದ:
"ಎಷ್ಟು ಕೊಡತ್ತೆ?"

"ಒಂದು ಗೇಣು," ಅಂದೆ.
ಅವನಿಗೆ ಲೆಕ್ಕ ಹತ್ತಲಿಲ್ಲ.