ನಾಲ್ಕರಲ್ಲಿ ತೆಪ್ಪಗೆ

ತಾಳವಾಡಿ, ಬಸ್‌ಸ್ಟ್ಯಾಂಡಿನ ಹಿಂದೆ ಜಬೀವುಲ್ಲಾನ ಶೆಡ್ಡು.
ಪಿಕಪ್ ನಿಲ್ಲಿಸಿ ಹೇಳಿದೆ, ಗೊರಗೊರ ಅಂತದೆ.
‘ಗೊರಗೊರಾನೋ, ಗರಗರಾನೋ?’
ಎರಡೂ ಒಂದೇ ಅಲ್ಲವಾ ಅಂದೆ.
‘ಒಂದಾದ್ರೆ ನಾನೂರು ರೂಪಾಯಿ,
ಇನ್ನೊಂದಾದ್ರೆ ಗೇರ್‌ಬಾಕ್ಸೇ ಇಳಿಸಬೇಕು.’

ನ್ಯೂಟ್ರಲ್ಲಿಗೆ ಹಾಕಿಸಿದ. ಸದ್ದಿತ್ತು.
ಕ್ಲಚ್ ತುಳಿಸಿದ. ಸತ್ತುಹೋಯಿತು.
ಬಿಟ್ಟರೆ ಎಣ್ಣೆ ಕಾಣದ ರಾಟೆಯ ಹಾಗೆ ಮತ್ತೆ ಶುರು.
ಅಡಿಗೆ ತೂರಿಕೊಂಡು
ಉದ್ದ ಸ್ಕ್ರೂಡ್ರೈವರಿನ ತುದಿ ಗೇರ್‌ಬಾಕ್ಸಿಗೆ, ಹಿಡಿ ಕಿವಿಗೆ ಒತ್ತಿ
ಕಣ್ಣು ಮುಚ್ಚಿದ. ನಿದ್ದೆ ಹೋದನೋ ಅಂದುಕೊಂಡೆ.

ತಲಮಲೈ ರಸ್ತೆವರೆಗೂ ಓಡಿಸಿಕೊಂಡು ಬಂದೆವು.
ಎರಡರಲ್ಲಿ ಗೋಳು, ಮೂರರಲ್ಲಿ ಇನ್ನೂ ಗೋಳು,
ನಾಲ್ಕರಲ್ಲಿ ತೆಪ್ಪಗೆ.
‘ನಾಲ್ಕರಲ್ಲಿ ಬಲ ನೇರ ಹೋಯ್ತದೆ ಕನಣ್ಣ,
ಕೆಳಗಿನ ಶಾಫ್ಟಿಗೆ ಭಾರ ಇಲ್ಲ.
ಹೊತ್ತಾಗಲೇ ಅದು ಕೂಗೋದು.’

ಇಳಿಸಿದ. ಆಯಿಲಿನಲ್ಲಿ ಬೆಳ್ಳಿಪುಡಿ,
ಹೆಬ್ಬೆಟ್ಟಿನಲ್ಲಿ ಉಜ್ಜಿ ತೋರಿಸಿದ.
ಮೂರು ದಿನ. ಒಂಬತ್ತು ಸಾವಿರ.

ಗುರುವಾರ ಎಲೆಕೋಸು ತುಂಬಿ ದಿಂಬಂ ಘಾಟಿ ಇಳಿದೆ.
ಇಪ್ಪತ್ತೇಳು ತಿರುವು, ಎರಡನೇ ಗೇರು,
ಕಮಕ್ ಕಿಮಕ್ ಇಲ್ಲ.
ಆರನೇ ತಿರುವಿನಲ್ಲಿ ಮೊದಲ ಸಲ ಕೇಳಿಸಿತು
ಹಿಂದೆ ಮೂಟೆ ಮೇಲೆ ಕೂತ ಕೆಂಪಾಜಮ್ಮನ ದನಿ:
‘ಗಾಡಿಗೆ ಒಂಬತ್ತು ಸಾವಿರ ಅದೆ ಇವನತ್ರ,
ನಮ್ಮ ಎರಡು ವಾರದ ಕೂಲಿಗೆ ಇಲ್ಲ.’
ಪಕ್ಕದವಳು ನಕ್ಕಳು:
‘ಮೆಲ್ಲಗೆ ಅನ್ನಕ್ಕ, ಈಗ ಕೇಳಿಸ್ತದೆ.’

ಏಳನೇ ತಿರುವು.
ಹಾರ್ನ್ ಹೊಡೆದೆ.
ಎದುರಿಗೆ ಯಾರೂ ಇರಲಿಲ್ಲ.