ಮುಳ್ಳು ಹಸಿರಿನಲ್ಲಿದೆ

ಕಲಬುರಗಿ, ಕಪನೂರು ಇಂಡಸ್ಟ್ರಿಯಲ್ ಏರಿಯಾ.
ಏಪ್ರಿಲ್ಲು. ನೆರಳೂ ಗೋಡೆಗೆ ಬೆನ್ನು ಹಚ್ಚಿ ನಿಂತ ಹೊತ್ತು.
ದಾಲ್ ಮಿಲ್ಲಿನ ಮುಂದೆ ಸ್ಕೂಟರಿಂದ ಚೀಲ ಇಳಿಸುತ್ತೇನೆ:
ರಬ್ಬರಿನ ಸುತ್ತಿಗೆ, ಸೀಲಿನ ತಂತಿ,
ಒಂದು ಕಟ್ಟು ಚೀಟಿ,
ಎರಡು ಪೆನ್ನು, ಅದರಲ್ಲೊಂದು ಬರೆಯುವುದಿಲ್ಲ.

"ಬರ್ರಿ ಬರ್ರಿ. ಬರೇ ಚೀಟಿ ಬದಲ್ ಮಾಡ್ರಿ ಸಾಕು,
ನಾಡಿದ್ದು ಫೈರ್ ಆಫೀಸಿನವರು ಬರ್ತಾರಂತ"
ಅಂದರು ಮುನೀಮ ನಾಗಶೆಟ್ಟೆಪ್ಪನವರು.
ತೊಗರಿಯ ಧೂಳು ಅವರ ಹುಬ್ಬಿನ ಮೇಲೂ.

ರಜಿಸ್ಟರಿನಲ್ಲಿ ಹದಿನಾಲ್ಕು.
ಹುಡುಕಿದರೆ ಸಿಕ್ಕಿದ್ದು ಹನ್ನೊಂದು.
ಉಳಿದ ಮೂರು ಸೇಠರ ಮಂಗಲ ಕಾರ್ಯಾಲಯಕ್ಕೆ ಹೋಗಿವೆ,
ಅಲ್ಲೂ ಒಂದು ದಿನ ಚೆಕ್ಕಿಂಗ್ ಇತ್ತಂತೆ.
ಸಿಕ್ಕವುಗಳಲ್ಲಿ ಒಂದು ಕಚೇರಿಯ ಬಾಗಿಲಿಗೆ ಆಸರೆ,
ಗಾಳಿಗೆ ಬಡಿಯದ ಹಾಗೆ.
ಒಂದು ಚೀಲಗಳ ಥಪ್ಪಿಯ ಹಿಂದೆ,
ಮುಟ್ಟಬೇಕಾದರೆ ನಲವತ್ತು ಕ್ವಿಂಟಾಲ್ ಸರಿಸಬೇಕು,
ಸ್ವಲ್ಪ ತಡ್ಯಪ್ಪಾ ಅಂತ ಬೆಂಕಿಗೆ ಹೇಳಿ.
ಇನ್ನೊಂದರ ನಳಿಗೆಯ ಬಾಯಿಗೆ
ಕುಂಬಾರ ಹುಳ ಮಣ್ಣು ಮೆತ್ತಿ ಸಂಸಾರ ಹೂಡಿತ್ತು.

"ನೋಡ್ರಿ, ಎಲ್ಲಾ ಹಸರ ಅದ."
ಹೌದು, ಎಲ್ಲದರ ಮುಳ್ಳೂ ಹಸಿರಿನಲ್ಲೇ.
ಆದರೆ ಮುಳ್ಳಿಗೆ ಗೊತ್ತಿರುವುದು ಗಾಳಿಯ ಮಾತು,
ಪುಡಿಯ ಮಾತು ಗೊತ್ತಿಲ್ಲ.
ತಲೆಕೆಳಗು ಮಾಡಿ ಕಿವಿಗೆ ಹಿಡಿಯಬೇಕು.
ಒಳಗೆ ಸರಿಯುತ್ತದೆ ಅದು, ಜರಡಿಯಲ್ಲಿ ಹಿಟ್ಟು ಸರಿದ ಹಾಗೆ.

ಒಂಬತ್ತನೆಯದು ಮಷೀನಿನ ಪಕ್ಕದ್ದು.
ಅದರ ಕೊರಳಲ್ಲಿ ಲಾಲ್‌ಬಿಯ ಬುತ್ತಿ ಗಂಟು.
ಅವಳೇ ಇಳಿಸಿಕೊಂಡಳು.
ಕಿವಿಗೆ ಹಿಡಿದೆ, ಏನೂ ಇಲ್ಲ.
ತಟ್ಟಿದೆ. ಧಬ್.
ಹೊಟ್ಟೆಯೊಳಗೆ ಪುಡಿ ಶಹಾಬಾದ ಕಲ್ಲಾಗಿ ಕೂತಿತ್ತು.

ಚೀಟಿ ತಿರುಗಿಸಿದೆ.
ಹೋದ ವರ್ಷದ ತಾರೀಖು. ಷರಾ: ಸರಿ ಇದೆ.
ಕೆಳಗೆ ಸಹಿ,
ನನ್ನದೇ.

ಅವತ್ತು ಎರಡು ಆಸ್ಪತ್ರೆ, ಒಂದು ಲಾಡ್ಜು,
ಮೂರನೇ ಮಹಡಿಯ ಕೋಚಿಂಗ್ ಕ್ಲಾಸು ಬಾಕಿ ಇದ್ದವು.
ಚೀಟಿಗಿಷ್ಟು ಅಂತ ಕೂಲಿ.
ಮುಳ್ಳು ನೋಡಿರಬೇಕು, ಬರೆದಿರಬೇಕು.
ಇಲ್ಲಿಯ ಚಹಾ ಚಲೋ ಇತ್ತು,
ಅದೊಂದು ಮಾತ್ರ ನೆನಪಿದೆ.

ತೊಗರಿ ಹೊಟ್ಟಿನ ಧೂಳು ನೆಲದ ಮೇಲಿದ್ದರೆ ಕಸ,
ಗಾಳಿಯಲ್ಲಿ ನಿಂತರೆ ಮದ್ದು.
ಬೆಲ್ಟಿನ ಒಂದು ಕಿಡಿ ಸಾಕಿತ್ತು.
ಒಂದಿಡೀ ವರ್ಷ ಆರು ಜನ ಹೆಣ್ಣುಮಕ್ಕಳು
ನನ್ನ ಸಹಿಯ ಕೆಳಗೆ ಕೂತು ಬೇಳೆ ಆರಿಸಿದ್ದಾರೆ.

"ಅಣ್ಣಾ, ಇದ್ರಾಗ ನೀರಲ್ಲೇನು?"
"ಪುಡಿ, ಅಕ್ಕಾ."
"ಉರಿ ಹತ್ತಿದ್ರ ಹ್ಯಾಂಗ ಬಿಡಬೇಕು?"
ಹನ್ನೆರಡು ವರ್ಷದ ಕೆಲಸದಲ್ಲಿ
ಇದನ್ನು ಯಾರೂ ಕೇಳಿರಲಿಲ್ಲ, ಸಾಹೇಬರು ಕೂಡ.
ಸತ್ತ ಆ ಒಂಬತ್ತನೆಯದನ್ನೇ ಅವಳ ಕೈಗಿಟ್ಟೆ.
ಪಿನ್ ಇಲ್ಲಿ ಎಳೀಬೇಕು. ನಳಿಗೆ ಹೀಂಗ ಹಿಡೀಬೇಕು.
ಜ್ವಾಲೆಗಲ್ಲ, ಬುಡಕ್ಕ. ಎಡಕ್ಕ ಬಲಕ್ಕ ಆಡಿಸಬೇಕು.
"ಕಸಬರಿಗಿ ಆಡಿಸಿದಂಗ" ಅಂದಳು,
ಇಲ್ಲದ ಬೆಂಕಿಯನ್ನು ಗೋಡೆಯ ಮೂಲೆವರೆಗೂ ಗುಡಿಸಿ
ನಕ್ಕಳು.

ಕಚೇರಿಯ ಬಾಗಿಲಿನದನ್ನು ತಂದು ಆ ಮೊಳೆಗೆ ತೂಗುಹಾಕಿದೆ.
ಬಾಗಿಲು ಹಿಂದಿನಿಂದ ದಢ್ ಅಂತ ಬಡಿಯಿತು.

ರಜಿಸ್ಟರ್ ತೆರೆದರೆ
ಮೊದಲು ಕೈಗೆ ಬಂದದ್ದು ಬರೆಯದ ಪೆನ್ನು.
ಇನ್ನೊಂದನ್ನು ತೆಗೆದು ಬರೆದೆ:
ಒಂಬತ್ತು: ಕೆಟ್ಟಿದೆ. ಹೋದ ವರ್ಷವೂ ತೆರೆದು ನೋಡಿಲ್ಲ.
"ಹಿಂಗ ಬರದ್ರ ನಿಮ್ಮ ಹೆಸರೇ ಕೆಡ್ತದಲ್ರಿ?"
ಚಹಾ ತರಿಸಿದ್ದರು. ಆರಿತ್ತು. ಕುಡಿದೆ.

ಈಗ ಹುಮನಾಬಾದ ರಸ್ತೆ.
ಕಾಲುಗಳ ನಡುವೆ ಕೆಂಪು ಡಬ್ಬಿ,
ಮುಳ್ಳು ಇನ್ನೂ ಹಸಿರಿನಲ್ಲೇ ಇದೆ,
ಗುಂಡಿ ಬಂದಾಗೊಮ್ಮೆ
ಧಬ್.